ಬಟ್ಟೆಯ ರೆಕ್ಕೆ ಕಲಿಸಿದ ಪಾಠ

ಪಿಯುಸಿ ತರಗತಿಗಳಿಗೆ ಭೌತಶಾಸ್ತ್ರ ಪಾಠ ಹೇಳುತ್ತಿದ್ದ ದಿನಗಳಲ್ಲಿ, ಬರ್ನೌಲಿಯ ನಿಯಮ ಬಂದಾಗಲೆಲ್ಲ ನಾನು ಕಪ್ಪುಹಲಗೆಯ ಮೇಲೆ ವಿಮಾನದ ರೆಕ್ಕೆಯೊಂದರ ಅಡ್ಡಕೊಯ್ತವನ್ನು ಬರೆಯುತ್ತಿದ್ದೆ. ಮೇಲ್ಭಾಗ ಉಬ್ಬು, ಕೆಳಭಾಗ ಚಪ್ಪಟೆ. ರೆಕ್ಕೆಯ ಮುಂದಿನ ಅಂಚಿನಲ್ಲಿ ಇಬ್ಭಾಗವಾದ ಗಾಳಿ ಹಿಂದಿನ ಅಂಚಿನಲ್ಲಿ ಮತ್ತೆ ಒಂದುಗೂಡಬೇಕು. ಮೇಲಿನ ದಾರಿ ಉದ್ದವಾದ್ದರಿಂದ ಅಲ್ಲಿಯ ಗಾಳಿ ಹೆಚ್ಚು ವೇಗದಿಂದ ಓಡಬೇಕು. ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆ. ಆದ್ದರಿಂದ ರೆಕ್ಕೆ ಮೇಲೇರುತ್ತದೆ. ನಾಲ್ಕು ವಾಕ್ಯ, ಒಂದು ಚಿತ್ರ, ಪರೀಕ್ಷೆಯಲ್ಲಿ ಪೂರ್ಣ ಅಂಕ. ನನ್ನ ಗುರುಗಳು ನನಗೆ ಹೀಗೆಯೇ ಹೇಳಿಕೊಟ್ಟಿದ್ದರು. ಅವರಿಗೆ ಅವರ ಗುರುಗಳು ಹಾಗೆಯೇ ಹೇಳಿಕೊಟ್ಟಿರಬೇಕು.

ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆದ ವರ್ಷವೊಂದರಲ್ಲಿ, ಅದನ್ನು ನೋಡಿಬಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಸಂಶಯ ಕೇಳಿದಳು. ಅವಳು ಕಂಡ ವಿಮಾನವೊಂದು ಹೊಟ್ಟೆ ಮೇಲಾಗಿ, ಬೆನ್ನು ಕೆಳಗಾಗಿ ಬಹಳ ದೂರ ಹಾರಿತ್ತು. ಆಗ ರೆಕ್ಕೆಯ ಉಬ್ಬು ಕೆಳಗಿರುತ್ತದೆ. ನನ್ನ ಪಾಠದ ಪ್ರಕಾರ ಅದು ನೆಲಕ್ಕೆ ಸೆಳೆಯಲ್ಪಡಬೇಕಿತ್ತು. ಅದೇಕೆ ಬೀಳಲಿಲ್ಲ ಎಂಬುದು ಅವಳ ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಹರಿತವಾಗಿತ್ತು. ಬೇರೆಯಾದ ಗಾಳಿಯ ಕಣಗಳು ಹಿಂದಿನ ಅಂಚಿನಲ್ಲಿ ಸರಿಯಾದ ಸಮಯಕ್ಕೆ ಮತ್ತೆ ಭೇಟಿಯಾಗಲೇಬೇಕೆಂದು ಅವುಗಳಿಗೆ ಕಟ್ಟಳೆ ಮಾಡಿದವರು ಯಾರು? ತರಗತಿ ನಕ್ಕಿತು. ನಾನೂ ನಕ್ಕು, ಪಠ್ಯಕ್ರಮದ ನೆಪ ಹೇಳಿ ಮುಂದಿನ ಅಧ್ಯಾಯಕ್ಕೆ ಸರಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಸೂತ್ರಕ್ಕಿಂತ ಮೊದಲು ಒಬ್ಬ ಮನುಷ್ಯನ ಬದುಕು.

ಓಟೊ ಲಿಲಿಯೆಂಥಾಲ್‌ನ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತು. ರೈಟ್ ಸೋದರರ ಕಥೆಯ ಮೊದಲ ಪುಟದಲ್ಲಿ, ಬಾವಲಿಯಂಥ ರೆಕ್ಕೆಗಳಿಗೆ ಜೋತುಬಿದ್ದು ಗುಡ್ಡದಿಂದ ಜಾರುತ್ತಿರುವ ಗಡ್ಡಧಾರಿಯ ಚಿತ್ರವನ್ನು ಎಲ್ಲರೂ ನೋಡಿದವರೇ. ಹುಚ್ಚು ಸಾಹಸಿಯೊಬ್ಬ ಬಿದ್ದು ಸತ್ತ, ಆಮೇಲೆ ಬುದ್ಧಿವಂತರಿಬ್ಬರು ಬಂದು ಹಾರಿದರು ಎಂಬಂತೆ ಆ ಕಥೆಯನ್ನು ಮುಗಿಸಿಬಿಡುತ್ತೇವೆ. ಸತ್ಯ ಹಾಗಿಲ್ಲ. ಆತ ಸಾಹಸಿಯಾಗುವುದಕ್ಕೆ ಮುನ್ನ ಹದಿನೇಳು ವರ್ಷಗಳ ಕಾಲ ಅಳತೆಗಾರನಾಗಿದ್ದ.

ಲಿಲಿಯೆಂಥಾಲ್ ಹುಟ್ಟಿದ್ದು 1848ರ ಮೇ 23ರಂದು, ಪ್ರಷ್ಯದ ಪೊಮರೇನಿಯ ಪ್ರಾಂತ್ಯದ ಆಂಕ್ಲಾಮ್ ಎಂಬ ಸಣ್ಣ ಊರಿನಲ್ಲಿ. ತಂದೆ ಬಟ್ಟೆ ವ್ಯಾಪಾರಿ. ತಾಯಿ ಸಂಗೀತ ಬಲ್ಲವಳು. ಹುಟ್ಟಿದ ಎಂಟು ಮಕ್ಕಳಲ್ಲಿ ಬದುಕುಳಿದವರು ಮೂವರೇ. ತಂದೆ ತೀರಿಕೊಂಡಾಗ ಓಟೊ ಇನ್ನೂ ಬಾಲಕ. ಆಂಕ್ಲಾಮ್‌ನ ಸುತ್ತಲಿನ ಜೌಗು ಹುಲ್ಲುಗಾವಲುಗಳಲ್ಲಿ ಬೇಸಿಗೆಯುದ್ದಕ್ಕೂ ಬಿಳಿ ಕೊಕ್ಕರೆಗಳು ಇಳಿಯುತ್ತಿದ್ದವು. ಓಟೊ ಮತ್ತು ಅವನಿಗಿಂತ ಒಂದು ವರ್ಷ ಕಿರಿಯನಾದ ತಮ್ಮ ಗುಸ್ತಾವ್ ಗಂಟೆಗಟ್ಟಲೆ ಅವುಗಳನ್ನೇ ನೋಡುತ್ತಿದ್ದರು. ಅಷ್ಟು ದೊಡ್ಡ ಹಕ್ಕಿ ರೆಕ್ಕೆ ಬಡಿಯದೆ, ಕೇವಲ ಚಾಚಿಕೊಂಡು ಗಾಳಿಯಲ್ಲಿ ನಿಲ್ಲುವುದು ಹೇಗೆ? ಹಲಗೆಗಳಿಂದ ರೆಕ್ಕೆ ಮಾಡಿಕೊಂಡು, ಸಹಪಾಠಿಗಳು ಗೇಲಿ ಮಾಡಿಯಾರೆಂದು ರಾತ್ರಿಯ ಕತ್ತಲಲ್ಲಿ ದಿಬ್ಬದಿಂದ ಓಡಿ ನೋಡಿದರು. ಹಾರಲಿಲ್ಲ.

ಪಾಟ್ಸ್‌ಡಾಮ್‌ನಲ್ಲಿಯೂ ಬಳಿಕ ಬರ್ಲಿನ್ನಿನಲ್ಲಿಯೂ ಓಟೊ ಯಂತ್ರಶಾಸ್ತ್ರ ಕಲಿತ. 1870ರ ಫ್ರಾನ್ಸ್ ಯುದ್ಧದಲ್ಲಿ ಸ್ವಯಂಸೇವಕನಾಗಿ ಸೈನ್ಯ ಸೇರಿ ಮರಳಿಬಂದ. ಮರಳಿ ಬಂದವನ ಮುಂದೆ ಅದೇ ಹಳೆಯ ಪ್ರಶ್ನೆ ನಿಂತಿತ್ತು. ಆ ಕಾಲದ ವಿದ್ವತ್ ವಲಯ ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಜರ್ಮನಿಯ ಅತಿ ದೊಡ್ಡ ಭೌತವಿಜ್ಞಾನಿಗಳಲ್ಲಿ ಒಬ್ಬನಾದ ಹೆಲ್ಮ್‌ಹೋಲ್ಟ್ಸ್, ಮನುಷ್ಯ ತನ್ನ ಸ್ನಾಯುಬಲದಿಂದ ಹಾರುವುದು ಅಸಂಭವವೆಂದು 1873ರಲ್ಲಿ ಲೆಕ್ಕಹಾಕಿ ತೋರಿಸಿದ್ದ. ಹಾರಾಟವೆಂದರೆ ಬಲೂನು ಎಂಬುದೇ ಮರ್ಯಾದಸ್ಥರ ಅಭಿಪ್ರಾಯ. ರೆಕ್ಕೆಯ ಕನಸು ತಲೆಕೆಟ್ಟವರ ಪಾಲಿಗೆ ಉಳಿದಿತ್ತು.

ಲಿಲಿಯೆಂಥಾಲ್ ವಾದಕ್ಕೆ ಹೋಗಲಿಲ್ಲ; ಅಳೆಯುವುದಕ್ಕೆ ತೊಡಗಿದ. 1874ರಲ್ಲಿ ಅಣ್ಣತಮ್ಮಂದಿರು ಒಂದು ಸರಳ ಯಂತ್ರವನ್ನು ಕಟ್ಟಿದರು. ನಡುವೆ ಲಂಬವಾದ ಕಂಬ, ಅದರ ಮೇಲೆ ಅಡ್ಡಲಾಗಿ ತಿರುಗುವ ಉದ್ದನೆಯ ತೋಳು, ತೋಳಿನ ಎರಡು ತುದಿಗಳಲ್ಲಿ ಪರೀಕ್ಷಿಸಬೇಕಾದ ಫಲಕಗಳು. ಕೆಳಗಿಳಿಯುವ ತೂಕದ ಕಲ್ಲುಗಳು ರಾಟೆಯ ಮೂಲಕ ತೋಳನ್ನು ತಿರುಗಿಸುತ್ತಿದ್ದವು. ಫಲಕ ಗಾಳಿಯನ್ನು ಸೀಳುತ್ತ ಸುತ್ತುವಾಗ ಅದನ್ನು ಎಷ್ಟು ಬಲ ಮೇಲಕ್ಕೆತ್ತುತ್ತದೆ, ಎಷ್ಟು ಬಲ ಹಿಂದಕ್ಕೆ ತಡೆಯುತ್ತದೆ ಎಂಬ ಎರಡನ್ನೂ ಬೇರೆಬೇರೆಯಾಗಿ ತೂಗಿ ಬರೆದಿಟ್ಟರು. ಚಪ್ಪಟೆ ಫಲಕ, ತುಸು ಬಾಗಿದ ಫಲಕ, ಹೆಚ್ಚು ಬಾಗಿದ ಫಲಕ. ಪ್ರತಿಯೊಂದನ್ನೂ ಬೇರೆಬೇರೆ ಓರೆಯಲ್ಲಿಟ್ಟು ಪರೀಕ್ಷೆ.

ಅದರಿಂದ ಹೊರಬಂದ ಸಂಗತಿ ಆಶ್ಚರ್ಯಕರವಾಗಿತ್ತು. ಕೊಕ್ಕರೆಯ ರೆಕ್ಕೆಯಂತೆ ತುಸುವೇ ಬಾಗಿದ ಫಲಕ, ಚಪ್ಪಟೆ ಫಲಕಕ್ಕಿಂತ ಎಷ್ಟೋ ಹೆಚ್ಚು ಎತ್ತುವ ಬಲವನ್ನು ಕೊಡುತ್ತಿತ್ತು. ತಡೆ ಮಾತ್ರ ಅಷ್ಟಾಗಿ ಹೆಚ್ಚುತ್ತಿರಲಿಲ್ಲ. ಅಷ್ಟೇ ಅಲ್ಲ, ಬಾಗಿದ ಫಲಕವನ್ನು ಗಾಳಿಗೆ ಯಾವ ಓರೆಯೂ ಇಲ್ಲದಂತೆ ಸಮನಾಗಿ ಹಿಡಿದರೂ ಅದು ಮೇಲಕ್ಕೇಳುತ್ತಿತ್ತು. ಎತ್ತುವ ಬಲದ ರಹಸ್ಯ ಬಡಿತದಲ್ಲಿಲ್ಲ, ಬಾಗಿನಲ್ಲಿದೆ ಎಂಬುದಕ್ಕೆ ಅಂಕಿಗಳ ಸಾಕ್ಷಿ ದೊರಕಿತು. ಈ ಎಲ್ಲವನ್ನೂ ಹಕ್ಕಿಗಳ ಹಾರಾಟವನ್ನು ಕುರಿತ ತನ್ನ ಪುಸ್ತಕದಲ್ಲಿ ಆತ 1889ರಲ್ಲಿ ಪ್ರಕಟಿಸಿದ. ಎತ್ತುವ ಬಲ ಮತ್ತು ತಡೆಗಳನ್ನು ಒಂದೇ ನಕ್ಷೆಯಲ್ಲಿ ಎದುರುಬದುರಾಗಿ ತೋರಿಸುವ ಆತನ ಕ್ರಮವನ್ನು ಇಂದಿನ ವಿಮಾನ ವಿನ್ಯಾಸಕಾರರೂ ಬಳಸುತ್ತಾರೆ. ಆದರೆ ಆ ಪುಸ್ತಕವನ್ನು ಆಗ ಕೊಂಡವರು ಬಹಳ ಮಂದಿ ಇರಲಿಲ್ಲ.

ಹೊಟ್ಟೆಪಾಡಿಗೆ ಬೇರೆ ದಾರಿ ಇತ್ತು. ಮಕ್ಕಳು ಜೋಡಿಸಿ ಆಡುವ ಕಲ್ಲಿನ ಗೋಪುರದ ತುಣುಕುಗಳನ್ನು ಅಣ್ಣತಮ್ಮಂದಿರು ಕಂಡುಹಿಡಿದಿದ್ದರು. ಅದರ ಹಕ್ಕನ್ನು ಅಲ್ಪ ಬೆಲೆಗೆ ಮಾರಿದರು, ಕೊಂಡವನು ಶ್ರೀಮಂತನಾದ. ಆ ನಷ್ಟದಿಂದ ಎದೆಗುಂದದ ಓಟೊ, ಸಣ್ಣ ಕಾರ್ಖಾನೆಗಳಿಗೆ ಬೇಕಾದ ಅಪಾಯವಿಲ್ಲದ ಉಗಿ ಬಾಯ್ಲರ್ ಒಂದನ್ನು ರೂಪಿಸಿ 1883ರಲ್ಲಿ ಬರ್ಲಿನ್ನಿನಲ್ಲಿ ಸ್ವಂತ ಕಾರ್ಖಾನೆ ತೆರೆದ. 1890ರಲ್ಲಿ ಲಾಭದ ಶೇಕಡಾ 25ರಷ್ಟನ್ನು ಕಾರ್ಮಿಕರಿಗೆ ಹಂಚುವ ಪದ್ಧತಿಯನ್ನು ಜಾರಿಗೆ ತಂದ. ಬಡವರೂ ನಾಟಕ ನೋಡಲೆಂದು ಅಗ್ಗದ ಟಿಕೆಟ್ಟಿನ ರಂಗಮಂದಿರವೊಂದರಲ್ಲಿ ಪಾಲುದಾರನಾದ, ತಾನೂ ಒಂದು ನಾಟಕ ಬರೆದ. ಹಾರಾಟದಿಂದ ದೇಶದೇಶಗಳ ನಡುವಿನ ಗಡಿಗಳು ಅರ್ಥಹೀನವಾಗಿ ಯುದ್ಧಗಳೇ ನಿಂತುಹೋಗುತ್ತವೆಂದು ಆತ ನಂಬಿದ್ದ. ಆ ನಂಬಿಕೆಯನ್ನು ಮುಂದಿನ ಶತಮಾನ ಎಷ್ಟು ಕ್ರೂರವಾಗಿ ಸುಳ್ಳುಮಾಡಿತೆಂಬುದನ್ನು ನೋಡಲು ಆತ ಉಳಿಯಲಿಲ್ಲ.

ಅಂಕಿಗಳು ಕೈಗೆ ಬಂದ ಬಳಿಕವೇ ಲಿಲಿಯೆಂಥಾಲ್ ಗುಡ್ಡ ಹತ್ತಿದ್ದು. 1891ರಲ್ಲಿ ಪಾಟ್ಸ್‌ಡಾಮ್ ಸಮೀಪದ ಡೆರ್ವಿಟ್ಸ್ ಎಂಬಲ್ಲಿ ಸುಮಾರು 25 ಮೀಟರ್ ದೂರ ಗಾಳಿಯಲ್ಲಿ ಜಾರಿದ. ಆಗ ಆತನ ವಯಸ್ಸು 43. ಎರಡು ವರ್ಷಗಳಲ್ಲಿ ರಿನೋ ಬೆಟ್ಟಗಳಿಂದ 250 ಮೀಟರ್‌ವರೆಗೆ ಹೋಗಬಲ್ಲವನಾದ. 1894ರಲ್ಲಿ ಬರ್ಲಿನ್ನಿನ ಲಿಖ್ಟರ್‌ಫೆಲ್ಡೆಯಲ್ಲಿ, ಇಟ್ಟಿಗೆ ಭಟ್ಟಿಯ ತ್ಯಾಜ್ಯ ಮಣ್ಣನ್ನು ರಾಶಿಹಾಕಿಸಿ, ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದಕ್ಕೆ ಎದುರಾಗಿ ಓಡಲು ಅನುಕೂಲವಾಗುವಂತೆ 15 ಮೀಟರ್ ಎತ್ತರದ ಗುಡ್ಡವನ್ನೇ ಕಟ್ಟಿಸಿದ. ಒಟ್ಟು ಸುಮಾರು 2000 ಬಾರಿ ಹಾರಿದನೆಂದು ಅಂದಾಜು. ಒಂದೊಂದು ಹಾರಾಟವೂ ಕೆಲವು ಸೆಕೆಂಡುಗಳದ್ದು. ಭಾನುವಾರಗಳಂದು ಜನ ಜಾತ್ರೆಗೆ ಬಂದಂತೆ ನೋಡಲು ಬರುತ್ತಿದ್ದರು. ಆ ದೃಶ್ಯದ ಛಾಯಾಚಿತ್ರಗಳು ಪತ್ರಿಕೆಗಳ ಮೂಲಕ ಲೋಕವನ್ನೆಲ್ಲ ಸುತ್ತಿದವು. ಆತ ತನ್ನ ಗ್ಲೈಡರುಗಳನ್ನು ಒಂದೇ ಮಾದರಿಯಲ್ಲಿ ತಯಾರಿಸಿ ಮಾರಿದ್ದೂ ಉಂಟು.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇತ್ತು. ಆ ಗ್ಲೈಡರಿನ ರಚನೆಯ ವಿವರ ಓದುವಾಗ ನಾನು ತಟಕ್ಕನೆ ನಿಂತುಬಿಟ್ಟೆ. ವಿಲೋ ಮರದ ಬಳುಕುವ ಕಡ್ಡಿಗಳ ಮೇಲೆ ಬಿಗಿದ ಒಂದು ಪದರದ ಹತ್ತಿಬಟ್ಟೆ. ಅಷ್ಟೇ. ರೆಕ್ಕೆಗಳ ಅಗಲ 6.7 ಮೀಟರ್, ತೂಕ ಸುಮಾರು 20 ಕಿಲೊ. ಬಟ್ಟೆಯ ರೆಕ್ಕೆಗೆ ಉಬ್ಬಿದ ಮೇಲ್ಭಾಗ, ಚಪ್ಪಟೆ ಕೆಳಭಾಗ ಎಂಬ ಭೇದವೆಲ್ಲಿಯದು? ಮೇಲಿನ ದಾರಿಯೂ ಕೆಳಗಿನ ದಾರಿಯೂ ಹೆಚ್ಚುಕಡಿಮೆ ಒಂದೇ ಉದ್ದ. ನಾನು ವರ್ಷವರ್ಷವೂ ಹಲಗೆಯ ಮೇಲೆ ಬರೆದ ನಾಲ್ಕು ವಾಕ್ಯಗಳು ನಿಜವಾಗಿದ್ದಲ್ಲಿ ಲಿಲಿಯೆಂಥಾಲ್ ಗುಡ್ಡದ ಬುಡಕ್ಕೆ ಕಲ್ಲಿನಂತೆ ಉರುಳಬೇಕಾಗಿತ್ತು. ಆತ ಹಾರಿದ.

ಹಾಗಾದರೆ ನಡೆಯುವುದೇನು? ಬಾಗಿದ ರೆಕ್ಕೆ ತನ್ನನ್ನು ದಾಟಿ ಹೋಗುವ ಗಾಳಿಯ ದಿಕ್ಕನ್ನು ತಿರುಗಿಸುತ್ತದೆ. ನೇರವಾಗಿ ಬಂದ ಗಾಳಿ ರೆಕ್ಕೆಯನ್ನು ಬಿಟ್ಟುಹೋಗುವಾಗ ಕೆಳಮುಖವಾಗಿರುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳಲೇಬೇಕು. ಈ ತಳ್ಳಾಟ ನಡೆಯುವುದು ಒತ್ತಡದ ಮೂಲಕ. ರೆಕ್ಕೆಯ ಬೆನ್ನಿನ ಮೇಲೆ ಬಾಗಿದ ಹಾದಿಯಲ್ಲಿ ಹರಿಯುವ ಗಾಳಿಯನ್ನು ಬಾಗಿನ ಒಳಕ್ಕೆ ಒತ್ತಿಹಿಡಿಯುವ ಬಲವೊಂದು ಬೇಕು. ಹೊರಗಿನ ಒತ್ತಡ ಹೆಚ್ಚಾಗಿ, ರೆಕ್ಕೆಗೆ ಅಂಟಿದಂತಿರುವ ಕಡೆಯ ಒತ್ತಡ ಕಡಿಮೆಯಾದಾಗ ಆ ಬಲ ದೊರೆಯುತ್ತದೆ. ರೆಕ್ಕೆಯ ಕೆಳಗಿನ ಟೊಳ್ಳಿನಲ್ಲಿ ಒತ್ತಡ ಹೆಚ್ಚುತ್ತದೆ. ಒತ್ತಡ ಕುಗ್ಗಿದ ಕಡೆಗೆ ಗಾಳಿ ಧಾವಿಸುವುದರಿಂದ ಮೇಲಿನ ವೇಗ ಹೆಚ್ಚುತ್ತದೆ. ಬರ್ನೌಲಿ ತಪ್ಪು ಹೇಳಿರಲಿಲ್ಲ. ಆ ವೇಗಕ್ಕೆ ನಾವು ಕೊಟ್ಟ ಕಾರಣ ತಪ್ಪಾಗಿತ್ತು. ಮೇಲಿನ ಗಾಳಿ ಕೆಳಗಿನ ಜೊತೆಗಾರನಿಗಾಗಿ ಕಾಯುವುದೂ ಇಲ್ಲ, ಅವನ ಸಮಕ್ಕೆ ಓಡುವುದೂ ಇಲ್ಲ. ಅದು ಹಿಂದಿನ ಅಂಚನ್ನು ಮೊದಲೇ ದಾಟಿ ಹೋಗಿಬಿಟ್ಟಿರುತ್ತದೆ. ಇನ್ನು ಬೆನ್ನಡಿಯಾಗಿ ಹಾರುವ ವಿಮಾನದ ಮಾತು. ಪೈಲಟ್ ಅದರ ಮೂತಿಯನ್ನು ತುಸು ಮೇಲಕ್ಕೆ ಹಿಡಿದಿರುತ್ತಾನೆ. ಆ ಓರೆಯಿಂದಾಗಿ, ಮಗುಚಿದ ರೆಕ್ಕೆಯೂ ಗಾಳಿಯನ್ನು ಕೆಳಕ್ಕೇ ತಿರುಗಿಸುತ್ತದೆ. ವಿಮಾನ ಬೀಳುವುದಿಲ್ಲ.

ಓರೆ ಹೆಚ್ಚಿದಂತೆ ಎತ್ತುವ ಬಲವೂ ಹೆಚ್ಚುತ್ತದೆ, ಆದರೆ ಅದಕ್ಕೊಂದು ಮಿತಿಯಿದೆ. ಮಿತಿ ಮೀರಿದೊಡನೆ ಗಾಳಿ ರೆಕ್ಕೆಯ ಬೆನ್ನನ್ನು ಬಿಟ್ಟು ಚೆದುರಿಹೋಗುತ್ತದೆ. ಎತ್ತುವ ಬಲ ಥಟ್ಟನೆ ಕುಸಿಯುತ್ತದೆ. ವಿಮಾನ ಚಾಲಕರು ಇದನ್ನು ಸ್ಟಾಲ್ ಎನ್ನುತ್ತಾರೆ. ಲಿಲಿಯೆಂಥಾಲ್‌ನ ಸಾವು ಕಾದಿದ್ದುದು ಆ ಗೆರೆಯ ಆಚೆಗೆ.

1896ರ ಆಗಸ್ಟ್ 9, ಭಾನುವಾರ. ರಿನೋ ಬಳಿಯ ಸ್ಟೋಲ್ನ್ ಗ್ರಾಮದ ಗೋಲೆನ್‌ಬರ್ಗ್ ಬೆಟ್ಟ. ಜೊತೆಗೆ ಆತನ ಮೆಕ್ಯಾನಿಕ್ ಪಾಲ್ ಬೈಲಿಖ್. ಬಿಸಿಲಿಗೆ ಕಾದ ನೆಲದಿಂದ ಎದ್ದ ಬಿಸಿಗಾಳಿಯ ಅಲೆಯೊಂದು ಗ್ಲೈಡರಿನ ಮೂತಿಯನ್ನು ಮೇಲಕ್ಕೆತ್ತಿತು. ಗ್ಲೈಡರ್ ಗಾಳಿಯಲ್ಲಿ ನಿಂತಂತಾಯಿತು. ಲಿಲಿಯೆಂಥಾಲ್ ಕಾಲುಗಳನ್ನು ಮುಂದಕ್ಕೆ ಚಾಚಿ, ದೇಹದ ಭಾರವನ್ನು ಮುಂದೆ ತಂದು ಮೂತಿಯನ್ನು ಇಳಿಸಲು ಯತ್ನಿಸಿದ. ಆತನ ಗ್ಲೈಡರಿನಲ್ಲಿ ನಿಯಂತ್ರಣವೆಂದರೆ ಇದೊಂದೇ: ಮೊಳಕೈಗಳಿಂದ ಜೋತುಬಿದ್ದು ಸೊಂಟದ ಕೆಳಗಿನ ಶರೀರವನ್ನು ಅತ್ತಿತ್ತ ತೂಗುವುದು. ಆ ದಿನ ಅದು ಸಾಲದಾಯಿತು. ಸುಮಾರು 15 ಮೀಟರ್ ಎತ್ತರದಿಂದ ಗ್ಲೈಡರ್ ನೆಲಕ್ಕಪ್ಪಳಿಸಿತು. ಕತ್ತಿನ ಮೂಳೆ ಮುರಿದಿತ್ತು. ರೈಲಿನಲ್ಲಿ ಬರ್ಲಿನ್ನಿಗೆ ಕರೆದೊಯ್ದರು. ಮರುದಿನ, ಆಗಸ್ಟ್ 10ರಂದು, ಆತ ತೀರಿಕೊಂಡ. ವಯಸ್ಸು 48. ಹೆಂಡತಿ ಆಗ್ನೆಸ್ ಮತ್ತು ನಾಲ್ವರು ಮಕ್ಕಳು ಉಳಿದರು.

ಆತನ ಸಮಾಧಿಯ ಮೇಲೆ, ಬಲಿಗಳು ಅನಿವಾರ್ಯವೆಂಬರ್ಥದ ಮಾತೊಂದನ್ನು ಕೆತ್ತಲಾಗಿದೆ. ಅದು ಆತನ ಕೊನೆಯ ಮಾತೆಂದು ಜನ ನಂಬಿದ್ದಾರೆ. ಆದರೆ ಅದು ಬಳಿಕ ಹುಟ್ಟಿದ ದಂತಕಥೆಯೆಂದು ಆತನ ಬದುಕನ್ನು ಶೋಧಿಸಿದವರು ಹೇಳುತ್ತಾರೆ. ನನಗೂ ಆ ಮಾತು ಆತನ ಸ್ವಭಾವಕ್ಕೆ ಹೊಂದುವುದಿಲ್ಲವೆನಿಸುತ್ತದೆ. ಬಿದ್ದಾಗ ಪೆಟ್ಟು ತಾಗದಿರಲೆಂದು ಗ್ಲೈಡರಿನ ಮುಂದೆ ಬೆತ್ತದಂತೆ ಬಳುಕುವ ಕಮಾನೊಂದನ್ನು ಆತ ಅಳವಡಿಸಿದ್ದ. ಹಿಂದೊಮ್ಮೆ ಬಿದ್ದಾಗ ಅದು ಆತನ ಜೀವ ಉಳಿಸಿತ್ತು. ಬಾಯ್ಲರ್ ಸಿಡಿದು ಕಾರ್ಮಿಕರು ಸಾಯಬಾರದೆಂದು ಯೋಚಿಸಿದ ಎಂಜಿನಿಯರ್ ಆತ. ಬಲಿದಾನವನ್ನು ಆರಾಧಿಸಿದವನಲ್ಲ, ಅಪಾಯವನ್ನು ಅಳೆದು ಕಡಿಮೆ ಮಾಡುತ್ತ ಹೋದವನು. ಅಳೆಯದೆ ಉಳಿದದ್ದೊಂದೇ ಆತನನ್ನು ಕೊಂದಿತು.

ಆ ಸಾವಿನ ಸುದ್ದಿ ಅಮೆರಿಕದ ಡೇಟನ್ ನಗರದ ಸೈಕಲ್ ಅಂಗಡಿಯೊಂದನ್ನು ತಲುಪಿತು. ವಿಲ್ಬರ್ ಮತ್ತು ಆರ್ವಿಲ್ ರೈಟ್ ಲಿಲಿಯೆಂಥಾಲ್‌ನ ಕೋಷ್ಟಕವನ್ನು ಆಧರಿಸಿಯೇ ತಮ್ಮ ಮೊದಲ ಗ್ಲೈಡರುಗಳನ್ನು ಕಟ್ಟಿದರು. 1901ರ ಗ್ಲೈಡರ್ ಲೆಕ್ಕಹಾಕಿದ್ದರ ಮೂರನೆಯ ಒಂದು ಪಾಲಿನಷ್ಟೇ ಎತ್ತುವ ಬಲ ಕೊಟ್ಟಾಗ ಅವರಿಗೆ ಕೋಷ್ಟಕದ ಮೇಲೆಯೇ ಸಂಶಯ ಬಂತು. ಆಗ ಅವರು ಮಾಡಿದ ಕೆಲಸ ಗುರುವಿಗೆ ತಕ್ಕದ್ದು. ಮರದ ಪೆಟ್ಟಿಗೆಯೊಂದನ್ನು ವಿಂಡ್ ಟನಲ್ ಮಾಡಿಕೊಂಡು, ಸುಮಾರು 200 ಪುಟ್ಟ ರೆಕ್ಕೆಗಳನ್ನು ತಾವೇ ಅಳೆದರು. ಲಿಲಿಯೆಂಥಾಲ್ ಪರೀಕ್ಷಿಸಿದ ಆಕಾರದ ರೆಕ್ಕೆಗೆ ಆತನ ಅಂಕಿಗಳು ಸತ್ಯಕ್ಕೆ ಬಹಳ ಹತ್ತಿರವಾಗಿದ್ದವು. ಮುಖ್ಯ ದೋಷವಿದ್ದುದು ಹದಿನೆಂಟನೆಯ ಶತಮಾನದಿಂದ ಎಲ್ಲರೂ ಪರೀಕ್ಷಿಸದೆ ಬಳಸುತ್ತ ಬಂದಿದ್ದ ಗಾಳಿಯ ಒತ್ತಡದ ಸ್ಥಿರಾಂಕವೊಂದರಲ್ಲಿ. ಅದರ ಜೊತೆಗೆ, ಬೇರೆ ಆಕಾರದ ತಮ್ಮ ರೆಕ್ಕೆಗೆ ರೈಟ್ ಸೋದರರು ಆ ಕೋಷ್ಟಕವನ್ನು ಹಾಗೆಯೇ ಅನ್ವಯಿಸಿದ್ದರು. ದೇಹ ತೂಗುವ ಬದಲು ರೆಕ್ಕೆಯನ್ನೇ ತಿರುಚಿ ನಿಯಂತ್ರಿಸುವ ಉಪಾಯವನ್ನೂ ಸೇರಿಸಿ 1903ರ ಡಿಸೆಂಬರಿನಲ್ಲಿ ಅವರು ಹಾರಿದರು. ತನಗಿಂತ ಮುಂಚಿನವರಲ್ಲಿ ಲಿಲಿಯೆಂಥಾಲ್‌ನೇ ಎಲ್ಲರಿಗಿಂತ ದೊಡ್ಡವನೆಂದು ವಿಲ್ಬರ್ ಬರೆದ ಲೇಖನ, 1912ರಲ್ಲಿ ಅವನ ಮರಣಾನಂತರ ಪ್ರಕಟವಾಯಿತು.

ಆ ಬಟ್ಟೆಯ ರೆಕ್ಕೆಯಿಂದ ಇನ್ನೊಂದು ಎಳೆಯೂ ಹೊರಟಿತು. ಮ್ಯೂನಿಕ್‌ನ ಗಣಿತಜ್ಞ ಕುಟ್ಟಾ, ಓರೆಯಿಲ್ಲದೆಯೂ ಬಾಗಿದ ಫಲಕ ಮೇಲೇಳುವುದೇಕೆ ಎಂಬ ಲಿಲಿಯೆಂಥಾಲ್‌ನ ಒಗಟನ್ನು 1902ರಲ್ಲಿ ಗಣಿತದಿಂದ ಬಿಡಿಸಿದ. 1895ರಲ್ಲಿ ಬರ್ಲಿನ್ನಿಗೆ ಬಂದು ಆ ಹಾರಾಟವನ್ನು ಕಣ್ಣಾರೆ ಕಂಡಿದ್ದ ರಷ್ಯದ ಜುಕೋವ್‌ಸ್ಕಿ, ರೆಕ್ಕೆಯ ಸುತ್ತ ಗಾಳಿಯ ಪರಿಚಲನೆಗೂ ಎತ್ತುವ ಬಲಕ್ಕೂ ಇರುವ ಸಂಬಂಧವನ್ನು 1906ರಲ್ಲಿ ಸೂತ್ರವಾಗಿ ಬರೆದ. ಗೋಟಿಂಗೆನ್‌ನ ಪ್ರಾಂಟ್ಲ್, ಗಾಳಿಯ ಅಲ್ಪ ಜಿಗುಟುತನ ರೆಕ್ಕೆಯ ಮೈಗೆ ತಾಗಿದ ತೆಳುಪದರದಲ್ಲಿ ಮಾಡುವ ಕೆಲಸವನ್ನು ವಿವರಿಸಿದ. ಸ್ಟಾಲ್ ಏಕೆ ಆಗುತ್ತದೆಂಬುದು ಅದರಿಂದ ಅರ್ಥವಾಯಿತು. ಅದೇ ಪ್ರಾಂಟ್ಲ್‌ನ ಬಳಿ 1936ರಲ್ಲಿ ಡಾಕ್ಟರೇಟ್ ಪಡೆದು ಬಂದವರು ವಿ.ಎಂ. ಘಾಟಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಆರಂಭವಾದ ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನು ಕಟ್ಟಿದವರು ಅವರೇ. 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸದ ಮುಂದಾಳು ಅವರೇ. ಆಂಕ್ಲಾಮ್‌ನ ಕೊಕ್ಕರೆಗಳಿಂದ ನಮ್ಮೂರಿನವರೆಗೆ ಈ ದಾರಿ ಇಷ್ಟು ನೇರವಾಗಿದ್ದರೂ, ಅದೇ ನಗರದ ತರಗತಿಯಲ್ಲಿ ನಿಂತು ನಾನು ಸುಳ್ಳು ಕಾರಣವನ್ನು ಪಾಠ ಮಾಡುತ್ತಿದ್ದೆ.

2016ರಲ್ಲಿ ಜರ್ಮನಿಯ ವಿಜ್ಞಾನಿಗಳು ಲಿಲಿಯೆಂಥಾಲ್‌ನ ಗ್ಲೈಡರಿನ ಪ್ರತಿಕೃತಿಯೊಂದನ್ನು ದೊಡ್ಡ ವಿಂಡ್ ಟನಲ್‌ನಲ್ಲಿಟ್ಟು ಪರೀಕ್ಷಿಸಿದರು. ವಿನ್ಯಾಸದಲ್ಲಿ ಮೂಲಭೂತ ದೋಷವೇನೂ ಕಾಣಲಿಲ್ಲ. ಗ್ಲೈಡರ್ ಸ್ಥಿರವಾಗಿಯೇ ಹಾರಬಲ್ಲದಾಗಿತ್ತು. ಬರ್ಲಿನ್ನಿನ ಟೇಗೆಲ್ ವಿಮಾನ ನಿಲ್ದಾಣ 1988ರಿಂದ ಆತನ ಹೆಸರನ್ನು ಹೊತ್ತಿತ್ತು. 2020ರಲ್ಲಿ ಅದು ಮುಚ್ಚಿತು. ಲಿಖ್ಟರ್‌ಫೆಲ್ಡೆಯ ಮಣ್ಣಿನ ಗುಡ್ಡ ಮಾತ್ರ ಸ್ಮಾರಕವಾಗಿ ಉಳಿದಿದೆ.

ನಮ್ಮ ಶಿಕ್ಷಣದಲ್ಲಿ ಉತ್ತರಗಳಿಗೆ ಕೊರತೆಯಿಲ್ಲ. ಅವನ್ನು ತೂಗಿ ನೋಡುವ ತಕ್ಕಡಿಗೆ ಕೊರತೆ. ತಲೆಮಾರಿನಿಂದ ತಲೆಮಾರಿಗೆ ಕೈಬದಲಾಗುವ ವಾಕ್ಯವೊಂದು ಹಳೆಯದೆಂಬ ಕಾರಣಕ್ಕೇ ಸತ್ಯವಾಗಿಬಿಡುತ್ತದೆ. ಲಿಲಿಯೆಂಥಾಲ್‌ನ ದೊಡ್ಡತನ ಆತ ಸತ್ತ ರೀತಿಯಲ್ಲಿಲ್ಲ. ಒಂದು ಕಂಬ, ಒಂದು ತೋಳು, ಕೆಲವು ತೂಕದ ಕಲ್ಲುಗಳನ್ನಿಟ್ಟುಕೊಂಡು ಗಾಳಿಯನ್ನೇ ನೇರವಾಗಿ ಪ್ರಶ್ನಿಸಿದ್ದರಲ್ಲಿದೆ. ಆ ವಿದ್ಯಾರ್ಥಿನಿ ಮಾಡಿದ್ದೂ ಅದೇ. ತಾನು ಕಂಡದ್ದನ್ನು ನಾನು ಹೇಳಿದ್ದರ ಪಕ್ಕದಲ್ಲಿಟ್ಟು ನೋಡಿದಳು.

ನನಗೆ ಉತ್ತರ ದೊರೆಯುವ ಹೊತ್ತಿಗೆ ಅವಳು ಕಾಲೇಜು ಮುಗಿಸಿ ಹೋಗಿದ್ದಳು. ಮುಂದಿನ ವರ್ಷದಿಂದ ನಾನು ಹಲಗೆಯ ಮೇಲೆ ಉಬ್ಬು ರೆಕ್ಕೆಯ ಬದಲು ಬಾಗಿದ ಒಂದೇ ಗೆರೆಯನ್ನು ಎಳೆಯತೊಡಗಿದೆ. ಇದು ಬಟ್ಟೆ, ಇದು ಹಾರಿದೆ, ಏಕೆಂದು ಯೋಚಿಸಿ ಎಂದು ಹೇಳಿ ಸುಮ್ಮನೆ ನಿಲ್ಲುತ್ತಿದ್ದೆ. ಪಾಠ ಮುಗಿಯಲು ಮೊದಲಿಗಿಂತ ಹೆಚ್ಚು ಸಮಯ ಹಿಡಿಯುತ್ತಿತ್ತು. ಅವಳು ಎಲ್ಲಿದ್ದಾಳೋ ತಿಳಿಯದು. ಈ ಬರಹ ಅವಳ ಕಣ್ಣಿಗೆ ಬಿದ್ದರೆ, ಅಂದು ನಾನು ಕೊಡದೆ ಉಳಿಸಿಕೊಂಡ ಉತ್ತರ ಇದೇ ಎಂದು ತಿಳಿಯಲಿ.